ಯಾವ ಕಡೆಯಿಂದ ಬಂದ್ರಿ? - ಒಂದು 'ಆರ್' ಕಳೆದುಕೊಂಡ ಪದದ ಕಥೆ

ಬ್ಲಾಗಿನ ಅಂಕಿಅಂಶದ ಪುಟದಲ್ಲಿ 'ಓದುಗರು ಎಲ್ಲಿಂದ ಬಂದರು' ಎಂಬ ಪಟ್ಟಿ ಇರುತ್ತದಲ್ಲ, ಅದನ್ನು ನೋಡದ ಬ್ಲಾಗಿಗರು ಕಡಿಮೆ. ಆ ಪಟ್ಟಿಯಲ್ಲಿ ಔಷಧಿ ಅಂಗಡಿ, ಜೂಜಿನ ತಾಣ, 'ನಿಮ್ಮ ತಾಣವನ್ನು ಹುಡುಕಾಟದಲ್ಲಿ ಮೇಲಕ್ಕೆ ತರುತ್ತೇವೆ' ಎನ್ನುವವರು ಸಾಲಾಗಿ ಕೂತಿರುವುದನ್ನು ನೀವೂ ನೋಡಿರುತ್ತೀರಿ. ಕನ್ನಡದ ಒಂದಕ್ಷರ ಬಾರದ ಇವರು ನಮ್ಮ ಹಲಸಿನ ಹಪ್ಪಳದ ಲೇಖನ ಓದಲು ಯಾಕೆ ಬಂದರು? ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾವು ಒಂದು ಕೊಂಡಿಯನ್ನು ಕ್ಲಿಕ್ಕಿಸಿ ಇನ್ನೊಂದು ತಾಣಕ್ಕೆ ಹೋದಾಗ ನಮ್ಮ ಬ್ರೌಸರ್ 'ಇಂಥ ಕಡೆಯಿಂದ ಬಂದೆ' ಎಂದು ಅಲ್ಲಿನ ಸರ್ವರ್‌ಗೆ ಹೇಳುತ್ತದೆ. ಇದೇ ರೆಫರರ್. 1996ರ ಮೇ ತಿಂಗಳಲ್ಲಿ ಬಂದ ಎಚ್‌ಟಿಟಿಪಿ 1.0ರ ದಾಖಲೆ, ಆರ್‌ಎಫ್‌ಸಿ 1945ರಲ್ಲಿ ಇದರ ವಿವರ ಇದೆ, ಸ್ಪೆಲಿಂಗ್ ತಪ್ಪಿನ ಸಮೇತ! ಇಂಗ್ಲಿಷಿನಲ್ಲಿ ಪದದ ನಡುವೆ ಎರಡು 'ಆರ್' ಬರಬೇಕು, ಒಂದೇ ಇದೆ. ಅದು ಆಗಲೇ ಬಳಕೆಗೆ ಬಂದಿದ್ದರಿಂದ ಹಾಗೇ ಉಳಿಯಿತು. ಯಾರು ಯಾರು ನಮಗೆ ಕೊಂಡಿ ಕೊಟ್ಟಿದ್ದಾರೆ ತಿಳಿಯಲಿ, ಹಳತಾದ, ತಪ್ಪಾಗಿ ಟೈಪಿಸಿದ ಕೊಂಡಿಗಳನ್ನು ಪತ್ತೆ ಮಾಡಲಿ ಎಂಬುದು ಇದರ ಉದ್ದೇಶ ಎಂದು ಆ ದಾಖಲೆಯೇ ಹೇಳುತ್ತದೆ.

ಸ್ಪೆಲಿಂಗ್‌ಗಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಬಂದವನು ಏನು ಹೇಳುತ್ತಾನೋ ಸರ್ವರ್ ಅದನ್ನು ಬರೆದುಕೊಳ್ಳುತ್ತದೆ, ಅಷ್ಟೆ. ನಿಜವೋ ಸುಳ್ಳೋ ಅಂತ ಪರೀಕ್ಷಿಸುವುದಿಲ್ಲ.

ಸುಳ್ಳಿಗೆ ಬೆಲೆ ಬಂದದ್ದು ಗೂಗಲ್ ಬಂದ ಮೇಲೆ. 1998ರಲ್ಲಿ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಮುಂದಿಟ್ಟ ಪೇಜ್‌ರ‍್ಯಾಂಕ್ ಲೆಕ್ಕದಲ್ಲಿ ಒಂದೊಂದು ಕೊಂಡಿಯೂ ಒಂದೊಂದು ವೋಟಿದ್ದಂತೆ. ಆಗ ವೆಬಲೈಸರ್, ಎಡಬ್ಲ್ಯೂಸ್ಟ್ಯಾಟ್ಸ್ ಎಂಬ ತಂತ್ರಾಂಶಗಳು ಸರ್ವರ್‌ನ ದಾಖಲೆಯಿಂದ ಅಂಕಿಅಂಶದ ಪುಟ ತಯಾರಿಸುತ್ತಿದ್ದವು. ಎಷ್ಟೋ ಜನ ಆ ಪುಟವನ್ನು ಎಲ್ಲರಿಗೂ ಕಾಣುವಂತೆ ಬಿಟ್ಟಿದ್ದರು. ಸ್ಪ್ಯಾಮಿಗರಿಗೆ ಅಷ್ಟು ಸಾಕಾಯಿತು. ಸುಳ್ಳು ರೆಫರರ್ ಹಚ್ಚಿಕೊಂಡ ಬಾಟ್ ಬರುತ್ತದೆ, ಅದರ ವಿಳಾಸ ಅಂಕಿಅಂಶದ ಪುಟದಲ್ಲಿ ಕೊಂಡಿಯಾಗಿ ಕೂರುತ್ತದೆ, ಗೂಗಲ್ ಬಂದು ಅದನ್ನು ವೋಟು ಎಂದು ಎಣಿಸುತ್ತದೆ. ಮನುಷ್ಯರು ಯಾರೂ ನೋಡಬೇಕಾಗಿಯೇ ಇಲ್ಲ!

2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಮೂವರೂ 'ನೋಫಾಲೋ' ಎಂಬ ಗುರುತನ್ನು ಒಪ್ಪಿಕೊಂಡರು. ಮುಖ್ಯವಾಗಿ ಕಾಮೆಂಟು ಸ್ಪ್ಯಾಮಿಗಾಗಿ ತಂದದ್ದು. ಆ ಗುರುತಿರುವ ಕೊಂಡಿ ವೋಟಿನ ಲೆಕ್ಕಕ್ಕೆ ಬರುವುದಿಲ್ಲ ಎಂದರು. ಅದೇ ವರ್ಷ ನವೆಂಬರಿನಲ್ಲಿ ಗೂಗಲ್ ಅನಲಿಟಿಕ್ಸ್ ಬಂತು, ಅಂಕಿಅಂಶ ತಾಣದ ಯಜಮಾನನಿಗಷ್ಟೇ ಕಾಣುವಂತಾಯಿತು. ಇನ್ನು ಸ್ಪ್ಯಾಮಿಗೆ ಏನು ಲಾಭ? ಅಲ್ಲೇ ಇರುವುದು ಮಜಾ. ವೋಟು ಹೋದರೂ ನಮ್ಮ ಕುತೂಹಲ ಉಳಿದಿತ್ತಲ್ಲ! 'ಯಾರಪ್ಪ ಇದು, ನನ್ನ ಬಗ್ಗೆ ಏನಾದರೂ ಬರೆದಿದ್ದಾರಾ?' ಎಂದು ನಾವು ಕ್ಲಿಕ್ಕಿಸಿದರೆ ಅವರ ಕೆಲಸ ಮುಗಿಯಿತು.

ಮುಂದೆ ತಾಣಕ್ಕೆ ಬರುವ ಶ್ರಮವೂ ಬೇಡವಾಯಿತು. ಅನಲಿಟಿಕ್ಸಿನಲ್ಲಿ ತಾಣಕ್ಕೊಂದು ಸಂಖ್ಯೆ ಇರುತ್ತಿತ್ತು. ಸಂಖ್ಯೆಗಳನ್ನು ಊಹಿಸಿ, ಸುಳ್ಳು ಭೇಟಿಗಳನ್ನು ನೇರ ಗೂಗಲ್‌ನ ಸರ್ವರ್‌ಗೇ ಕಳಿಸತೊಡಗಿದರು. ಇದಕ್ಕೆ 'ಭೂತ ಸ್ಪ್ಯಾಮ್' ಎಂದೇ ಹೆಸರು. 2016ರ ನವೆಂಬರಿನಲ್ಲಿ, ಅಮೆರಿಕದ ಚುನಾವಣೆಯ ಹೊತ್ತಿಗೆ, 'ಟ್ರಂಪ್‌ಗೆ ವೋಟು ಹಾಕಿ' ಎಂಬ ಸಂದೇಶ ಓದುಗರ ಭಾಷೆ ತೋರಿಸುವ ಅಂಕಣದಲ್ಲಿ ಕಾಣಿಸಿಕೊಂಡಿತು. ಜೊತೆಗಿದ್ದ ವಿಳಾಸ ಗೂಗಲ್‌ನದೇ ಎನ್ನುವಂತಿತ್ತು. ನಿಜವಾಗಿ ಅದರ ಮೊದಲ ಅಕ್ಷರ ಯೂನಿಕೋಡಿನಲ್ಲಿರುವ, 'ಜಿ'ಯನ್ನೇ ಹೋಲುವ ಬೇರೊಂದು ಅಕ್ಷರ. ನಮಗೆ ಕನ್ನಡದಲ್ಲಿ ಬರೆಯಲು ದಾರಿ ಮಾಡಿಕೊಟ್ಟ ಯೂನಿಕೋಡೇ ಅವರಿಗೆ ವೇಷವನ್ನೂ ಕೊಟ್ಟಿತು.

'ರೋಬಾಟ್ಸ್ ಕಡತದಲ್ಲಿ ಬರಬೇಡಿ ಅಂತ ಬರೆದಿಡಿ' ಎಂಬ ಸಲಹೆ ಆಗಾಗ ಕೇಳುತ್ತದೆ. 1994ರಲ್ಲಿ ಮಾರ್ಟೈನ್ ಕೋಸ್ಟರ್ ಸೂಚಿಸಿದ ಈ ಪದ್ಧತಿ 2022ರಲ್ಲಿ ಆರ್‌ಎಫ್‌ಸಿ 9309 ಆಗಿ ಅಧಿಕೃತವಾಯಿತು. ಅದು ಬೀಗವಲ್ಲ, ಬಾಗಿಲಿಗೆ ಅಂಟಿಸಿದ ಚೀಟಿ. ಮರ್ಯಾದಸ್ಥರು ಓದಿ ಹಿಂದಕ್ಕೆ ಹೋಗುತ್ತಾರೆ, ಕಳ್ಳರು ಓದುವುದಿಲ್ಲ. ಸ್ವಂತ ಸರ್ವರ್ ಇದ್ದವರು ಕೆಲವು ಹೆಸರುಗಳನ್ನು ಅಲ್ಲೇ ತಡೆಯಬಹುದು. ನಮ್ಮಂಥ ಪುಕ್ಕಟೆ ಜಾಗದವರಿಗೆ ಆ ಸೌಲಭ್ಯ ಸಿಗುವುದು ಕಷ್ಟ. ತಡೆದರೂ ಭೂತ ಬಾಗಿಲಿಗೇ ಬರುವುದಿಲ್ಲ!

ಆ ಹಳೆಯ ಅನಲಿಟಿಕ್ಸ್ 2023ರ ಜುಲೈ 1ರಿಂದ ಲೆಕ್ಕ ಬರೆದುಕೊಳ್ಳುವುದನ್ನು ನಿಲ್ಲಿಸಿತು. ಹೊಸದರಲ್ಲಿ ಹಾಗೆ ಹೊರಗಿನಿಂದ ಲೆಕ್ಕ ಸೇರಿಸಲು ಒಂದು ಗುಪ್ತ ಸಂಕೇತ ಬೇಕು. ಇತ್ತ ಬ್ರೌಸರುಗಳೂ ಬಿಗಿಯಾದವು. 2020ರಲ್ಲಿ ಕ್ರೋಮ್, 2021ರಲ್ಲಿ ಫೈರ್‌ಫಾಕ್ಸ್, ಬೇರೆ ತಾಣಕ್ಕೆ ಹೋಗುವಾಗ ಪುಟದ ಪೂರ್ತಿ ವಿಳಾಸ ಕೊಡದೆ ತಾಣದ ಹೆಸರಷ್ಟೇ ಹೇಳುವ ರೂಢಿ ಮಾಡಿಕೊಂಡವು. ಇದನ್ನು ನಿಯಂತ್ರಿಸುವ 'ರೆಫರರ್ ಪಾಲಿಸಿ'ಯಲ್ಲಿ ಆ ಕಳೆದುಹೋದ 'ಆರ್' ವಾಪಸು ಬಂದಿದೆ :-)

ದಿನಕ್ಕೆ ಲಕ್ಷ ಜನ ಬರುವ ತಾಣಕ್ಕೆ ಇಪ್ಪತ್ತು ಸುಳ್ಳು ಭೇಟಿ ಲೆಕ್ಕಕ್ಕೇ ಇಲ್ಲ. ದಿನಕ್ಕೆ ಮೂವತ್ತು ಭೇಟಿ ಕಾಣುವ ಕನ್ನಡ ಬ್ಲಾಗಿನಲ್ಲಿ ಇಪ್ಪತ್ತು ಸುಳ್ಳಾದರೆ ಉಳಿಯುವವರು ಹತ್ತೇ ಜನ. ಅಂಥ ಲೆಕ್ಕ ನೋಡಿ, ಯಾವ ವಿಷಯ ಬರೆಯಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸಿದರೆ ನಮ್ಮ ಬರಹವನ್ನು ಬಾಟ್‌ಗಳ ಕೈಗೆ ಕೊಟ್ಟಂತೆ. ಆ ಹತ್ತು ಜನ ಏನು ಓದಲು ಬಂದಿದ್ದರು ಎಂಬುದು ಆ ಗದ್ದಲದಲ್ಲಿ ಕೇಳುವುದೇ ಇಲ್ಲ. ನನಗೆ ಬೇಜಾರಾಗುವುದು ಅದಕ್ಕೆ.

ನಾನು ಪಾಲಿಸುವುದು ಇಷ್ಟು: ಪಟ್ಟಿಯಲ್ಲಿನ ಅಪರಿಚಿತ ವಿಳಾಸವನ್ನು ಕ್ಲಿಕ್ಕಿಸುವುದಿಲ್ಲ. ಯಾರಾದರೂ ನಿಜವಾಗಿ ಕೊಂಡಿ ಕೊಟ್ಟಿದ್ದಾರಾ ಎಂದು ತಿಳಿಯಬೇಕಾದರೆ ಲೇಖನದ ಶೀರ್ಷಿಕೆಯನ್ನೇ ಗೂಗಲಿಸುತ್ತೇನೆ. ಅಂಕಿಅಂಶವನ್ನು ಬ್ಲಾಗಿನಲ್ಲಿ ಪ್ರದರ್ಶನಕ್ಕೆ ಇಡುವುದಿಲ್ಲ. 'ಎರಡನೇ ಪ್ಯಾರಾದ ಮಾತು ಒಪ್ಪಲಾರೆ' ಎಂದು ಒಬ್ಬರು ಬರೆದರೆ ಅದನ್ನು ನೂರು ಹಿಟ್ಸಿಗಿಂತ ಹೆಚ್ಚು ಅಂತ ಎಣಿಸುತ್ತೇನೆ.

ನಿಮ್ಮ ಪಟ್ಟಿಯಲ್ಲಿ ಈಚೆಗೆ ಯಾರು ಬಂದು ಕೂತಿದ್ದಾರೆ? ತಿಳಿಸಿ. ಹೆಸರು ಮಾತ್ರ, ಕೊಂಡಿ ಬೇಡ!