ಮುಂಬಯಿಯ ಗಿರಣಿಗಳೂ ತಡೆಹಿಡಿದ ಸಂಬಳವೂ

1881ರ ಕಾರ್ಖಾನೆ ಕಾಯಿದೆಯು ಮಕ್ಕಳ ದುಡಿಮೆಗಷ್ಟೇ ಮಿತಿ ಹಾಕಿದ್ದಿತು. ವಯಸ್ಕರ ದುಡಿಮೆಗೆ ಮೇರೆಯಿರಲಿಲ್ಲ. 'ದೀನಬಂಧು' ಪತ್ರಿಕೆಯ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕೂಲಿಕಾರರನ್ನು ಒಗ್ಗೂಡಿಸಿ, ಸುಮಾರು 5,500 ಮಂದಿಯ ರುಜುವುಳ್ಳ ಮನವಿಯನ್ನು ಸಿದ್ಧಗೊಳಿಸಿದರು. ವಾರಕ್ಕೊಂದು ದಿನದ ಬಿಡುವು, ನಡುಹಗಲಲ್ಲಿ ಅರ್ಧ ತಾಸಿನ ವಿಶ್ರಾಂತಿ ಮುಂತಾದವುಗಳೊಡನೆ ಇನ್ನೊಂದು ಬೇಡಿಕೆಯಿದ್ದಿತು: ತಿಂಗಳ ಸಂಬಳವು ಮುಂದಿನ ತಿಂಗಳ 15ನೆಯ ತಾರೀಖಿನೊಳಗೆ ಕೈಸೇರಬೇಕು. ಲೆಕ್ಕಪತ್ರದಲ್ಲೇ ಆಯುಷ್ಯ ಕಳೆಯುವ ನನ್ನಂಥವನಿಗೆ ಇದೇ ಎಲ್ಲಕ್ಕಿಂತ ಮಾರ್ಮಿಕವಾಗಿ ತೋರುತ್ತದೆ. ತಡೆಹಿಡಿದ ಸಂಬಳವೆಂದರೆ ಕೂಲಿಕಾರನು ಧಣಿಗೆ ಕೊಟ್ಟ ಬಡ್ಡಿಯಿಲ್ಲದ ಸಾಲ. ಅದು ಬಾಕಿಯಿರುವತನಕ ಅವನು ಕೆಲಸ ಬಿಡಲಾರ, ಬಾಯಿಬಿಟ್ಟು ದೂರಲೂ ಅಂಜುವನು. ಬೈಗುಳಕ್ಕಿಂತ ಈ ಸದ್ದಿಲ್ಲದ ದಬ್ಬಾಳಿಕೆಯನ್ನು ಗುರುತಿಸುವುದು ಕಷ್ಟ.

1890ರ ಏಪ್ರಿಲ್ 24ರ ಸಭೆಗೆ ಸುಮಾರು 10,000 ಕೂಲಿಕಾರರು ನೆರೆದರು. ಇಬ್ಬರು ಹೆಂಗಸರೂ ಮಾತನಾಡಿದರು. ಜೂನ್ 10ರಂದು ಗಿರಣಿ ಮಾಲಿಕರ ಸಂಘವು ವಾರದ ರಜೆಗೆ ಒಪ್ಪಿತು. ಸಂಬಳದ ತಾರೀಖಿಗೆ ಕಾಯಿದೆಯ ಕಟ್ಟು ಬಿದ್ದುದು ಮಾತ್ರ 1936ರಲ್ಲಿ.