ಹಿತ್ತಿಲ ಔಡಲ, ಹೊಲದ ಔಡಲ

ಕೃಷ್ಣಾ, ಮಕ್ತಲ, ನಾರಾಯಣಪೇಟೆಗಳ ಸೀಮೆಯಲ್ಲಿ ಹುಟ್ಟಿ ಬೆಳೆದ ಕನ್ನಡಿಗರಿಗೆ ಔಡಲವನ್ನು ಪರಿಚಯ ಮಾಡಿಕೊಡುವ ಅವಶ್ಯಕತೆಯಿಲ್ಲ. ಮನೆಯೊಳಗೆ ಔಡಲವೆಂದೂ ಸಂತೆಯಲ್ಲಿ ಆಮುದವೆಂದೂ ಕರೆದು ರೂಢಿಯಾದ ನಮಗೆ, ದಕ್ಷಿಣದ ಕನ್ನಡಿಗರು ಇದನ್ನೇ ಹರಳು ಎನ್ನುವರೆಂಬುದು ಪುಸ್ತಕಗಳಿಂದ ತಿಳಿದ ಸಂಗತಿ. ಹಸುಗೂಸಿನ ನೆತ್ತಿಗೆ, ದೇವರ ದೀಪಕ್ಕೆ, ಬಂಡಿಯ ಅಚ್ಚಿಗೆ ಒಂದೇ ಎಣ್ಣೆ ಸಲ್ಲುತ್ತಿದ್ದ ಕಾಲವನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಸಣ್ಣ ಬೀಜದ ಎಣ್ಣೆ ಔಷಧಕ್ಕೆ, ದೊಡ್ಡ ಬೀಜದ್ದು ದೀಪಕ್ಕೆ ಎಂಬ ವಿಂಗಡಣೆ ನಮ್ಮ ದೇಶದ ವ್ಯಾಪಾರದಲ್ಲಿ ಬಹು ಹಿಂದಿನಿಂದ ನಡೆದುಬಂದಿತ್ತು. ಹಿತ್ತಿಲ ಗೋಡೆಯ ಬದಿಯಲ್ಲಿ ತಾನಾಗಿ ಮೊಳೆತ ಗಿಡದ ಎಣ್ಣೆಗೂ ಉತ್ತು ಬಿತ್ತಿದ ಗಿಡದ ಎಣ್ಣೆಗೂ ನಿಜವಾಗಿ ಭೇದವುಂಟೆ?

ಈ ಪ್ರಶ್ನೆಗೆ ಉತ್ತರವನ್ನರಸಲು ಗಿಡದ ತವರಿಗೇ ಹೋಗಬೇಕು. ಔಡಲದ ತವರು ಪೂರ್ವ ಆಫ್ರಿಕ. ನಿಜವಾದ ಕಾಡು ಔಡಲ ಇಥಿಯೋಪಿಯ ಮತ್ತು ಕೆನ್ಯ ದೇಶಗಳಲ್ಲಿ ಇಂದಿಗೂ ಉಳಿದಿದೆಯೆಂದು 2021ರಲ್ಲಿ ಪ್ರಕಟವಾದ ಅನುವಂಶಿಕ ಅಧ್ಯಯನಗಳು ತೋರಿಸಿವೆ. ನಮ್ಮ ರಸ್ತೆಯ ಬದಿಯ ಗಿಡವಾದರೋ ಕಾಡಿನದಲ್ಲ. ಎಂದೋ ಹೊಲದಿಂದ ತಪ್ಪಿಸಿಕೊಂಡು ಹೋಗಿ ಕಾಡಾದದ್ದು. ಪ್ರಾಚೀನ ಈಜಿಪ್ಟಿನ ಗೋರಿಗಳಲ್ಲಿ ಇದರ ಬೀಜ ದೊರೆತಿದೆ. ಲ್ಯಾಟಿನಿನಲ್ಲಿ ಇದಕ್ಕೆ ರಿಸಿನಸ್, ಅಂದರೆ ದನದ ಮೈಗೆ ಕಚ್ಚುವ ಉಣ್ಣೆ, ಎಂದು ಹೆಸರಿಟ್ಟರು. ಬೀಜವನ್ನು ಅಂಗೈಯಲ್ಲಿಟ್ಟು ನೋಡಿದವರು ಈ ಹೆಸರನ್ನು ಒಪ್ಪದೆ ಇರಲಾರರು.

ಕಾಡು ಗಿಡದ ಬೀಜ ಚಿಕ್ಕದು. ಕಾಯಿ ಒಣಗಿದೊಡನೆ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಬೀಜದ ತುದಿಯ ಮೆತ್ತನೆಯ ಗಂಟಿನ ಆಸೆಗೆ ಇರುವೆಗಳು ಅದನ್ನು ಹೊತ್ತೊಯ್ಯುತ್ತವೆ. ಗಿಡಕ್ಕೆ ಇದು ಅನುಕೂಲ, ಒಕ್ಕಲಿಗನಿಗೆ ನಷ್ಟ. ಆದುದರಿಂದ ತಲೆಮಾರುಗಳಿಂದ ರೈತರು ಕಾಯಿ ಸಿಡಿಯದೆ ಗೊಂಚಲಿನಲ್ಲೇ ನಿಲ್ಲುವ, ಬೀಜ ದಪ್ಪನಾದ ಗಿಡಗಳನ್ನೇ ಆರಿಸಿಕೊಂಡು ಬಂದರು.

ಆದರೆ ಹೀಗೆ ಬದಲಾದದ್ದು ಬೀಜವೇ ಹೊರತು ಎಣ್ಣೆಯ ಸ್ವಭಾವವಲ್ಲ. ಸಾಗುವಳಿಯ ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆ. ಆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ 100ಕ್ಕೆ 85ರಿಂದ 90 ಪಾಲು ರಿಸಿನೋಲಿಯಿಕ್ ಆಮ್ಲ. ಎಣ್ಣೆಯ ಪ್ರಮಾಣ ತಳಿಯಿಂದ ತಳಿಗೆ ಏರಿಳಿದರೂ ಈ ಆಮ್ಲದ ಪಾಲು ಕಾಡು ಗಿಡದಲ್ಲಿಯೂ ಹೆಚ್ಚು ಕಡಿಮೆ ಇಷ್ಟೇ. ಹಾಗಾದರೆ ಹಿರಿಯರ ಮಾತು ಸುಳ್ಳೆ? ಹಾಗೆನ್ನಲಾಗದು. ಭೇದ ಬೀಜಕ್ಕಿಂತ ಎಣ್ಣೆ ತೆಗೆಯುವ ಕ್ರಮದಲ್ಲಿತ್ತೆಂದು ನನ್ನ ತಿಳಿವಳಿಕೆ. ಹುರಿಯದೆ ಹಿಂಡಿದ ಎಣ್ಣೆ ತಿಳಿಬಣ್ಣದ್ದು. ಮನೆಗಳಲ್ಲಿ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಮತ್ತೆ ಕಾಯಿಸಿದ ಎಣ್ಣೆ ಕಂದು ಬಣ್ಣದ್ದು, ಘಾಟುಳ್ಳದ್ದು. ಬೀಜದ ಘೋರ ವಿಷಕ್ಕೆ 1888ರಲ್ಲಿ ಸ್ಟಿಲ್‌ಮಾರ್ಕ್ ಎಂಬ ವಿಜ್ಞಾನಿ ರಿಸಿನ್ ಎಂದು ಹೆಸರಿಟ್ಟನು. ಅದು ಎಣ್ಣೆಯಲ್ಲಿ ಕರಗದೆ ಹಿಂಡಿಯಲ್ಲಿಯೇ ಉಳಿಯುತ್ತದೆ, ಕುದಿಸಿದರೆ ಕೆಡುತ್ತದೆ. ನಮ್ಮ ಅಜ್ಜಿಯರು ಆ ಹೆಸರನ್ನು ಕೇಳದೆಯೇ ಕುದಿಸುವ ಕ್ರಮವನ್ನು ಬಿಡಲಿಲ್ಲ, ಹಿಂಡಿಯನ್ನು ದನಕ್ಕೆ ಹಾಕಲಿಲ್ಲ.

ಪೆಟ್ರೋಲಿನೊಡನೆ ಸುಲಭವಾಗಿ ಬೆರೆಯದ, ಕಾವಿಗೆ ತೆಳುವಾಗಿ ಹರಿದುಹೋಗದ ಈ ಎಣ್ಣೆ ಮೊದಲನೆಯ ಮಹಾಯುದ್ಧದ ವಿಮಾನಗಳ ಯಂತ್ರಗಳಿಗೆ ಬೇಕಾಯಿತು. 1918ರಲ್ಲಿ ಅಮೆರಿಕ ಸರಕಾರವು ಭಾರತದಿಂದ ಬೀಜ ತರಿಸಿ ಫ್ಲಾರಿಡ ಮೊದಲಾದ ದಕ್ಷಿಣ ಪ್ರಾಂತಗಳಲ್ಲಿ ಬಿತ್ತಿಸಿತು. ಅಲ್ಲಿನ ತೇವದ ಹವೆಯಲ್ಲಿ ಗೊಂಚಲುಗಳಿಗೆ ಬೂದುಬಣ್ಣದ ಬೂಷ್ಟು ಹತ್ತಿ ಬೆಳೆ ಕೆಟ್ಟಿತು. ಅದೇ ಬೂಷ್ಟು 1980ರ ದಶಕದಿಂದೀಚೆಗೆ ತೆಲಂಗಾಣದ ಔಡಲದ ಹೊಲಗಳನ್ನೂ ಕಾಡುತ್ತಿದೆ.

ಹಳೆಯ ಹೈದರಾಬಾದ್ ಸಂಸ್ಥಾನವು ಔಡಲಕ್ಕೆ ಹೆಸರಾದದ್ದು. ಮಹಬೂಬನಗರ, ನಲಗೊಂಡ ಜಿಲ್ಲೆಗಳ ಮಳೆಯಾಶ್ರಿತ ಕೆಂಪು ನೆಲ ಇದಕ್ಕೆ ಒಗ್ಗಿತ್ತು. ಎಚ್‌ಸಿ-6 ಎಂಬ ಇಲ್ಲಿಯ ತಳಿ ಫಲಕ್ಕೆ ಬರಲು ಸುಮಾರು 270 ದಿನ ಬೇಕಾಗುತ್ತಿತ್ತು. 1960ರ ದಶಕದಲ್ಲಿ ಅದರ ಬೀಜಕ್ಕೆ ನ್ಯೂಟ್ರಾನ್ ಕಿರಣಗಳನ್ನು ಹಾಯಿಸಿ ಪಡೆದ ‘ಅರುಣ’ ತಳಿ 120 ದಿನಗಳಲ್ಲಿ ಕೊಯ್ಲಿಗೆ ಬಂದಿತು. 1968ರಲ್ಲಿ ಗುಜರಾತಿನಿಂದ ಜಿಸಿಎಚ್-3 ಎಂಬ ಸಂಕರ ತಳಿ ಹೊರಟಿತು. ಅಲ್ಲಿಂದ ಮುಂದೆ ಬೆಳೆಯ ಮುಖ್ಯ ನೆಲೆಯೇ ಗುಜರಾತಿಗೆ ಸರಿಯಿತು. ನಮ್ಮ ಕಡೆ ಪಾಲೆಂ ಸಂಶೋಧನ ಕೇಂದ್ರವು ‘ಕ್ರಾಂತಿ’, ‘ಹರಿತ’ ತಳಿಗಳನ್ನು ನೀಡಿತು. ಇವುಗಳಿಂದ ಒಕ್ಕಲಿಗನಿಗೆ ಉಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ವರ್ಷಗಟ್ಟಲೆ ನಿಂತು ಮರದಂತಾಗುತ್ತಿದ್ದ ಹಳೆಯ ಗಿಡ ಹೊಲದಿಂದ ಹೊರಟು ಹಿತ್ತಿಲಿಗೂ ತಿಪ್ಪೆಯ ಬದಿಗೂ ಸೇರಿತು.

ಅಂಥ ಬೀಜದಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಒಂದು ನಿದರ್ಶನ ಸಾಕು. 2004ರಲ್ಲಿ ಸ್ಪೇನಿನ ಸಂಶೋಧಕರು ನಾನಾ ದೇಶಗಳ ಔಡಲ ಬೀಜಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿರುವಾಗ, ರಿಸಿನೋಲಿಯಿಕ್ ಆಮ್ಲ ಬಹಳ ಕಡಿಮೆಯಾಗಿದ್ದು ಓಲಿಯಿಕ್ ಆಮ್ಲವೇ 100ಕ್ಕೆ 78ರಷ್ಟಿದ್ದ ಎಣ್ಣೆಯ ಗಿಡವನ್ನು ಕಂಡರು. ಸಾವಿರಾರು ವರ್ಷ ಬದಲಾಗದೆ ಬಂದ ಗುಣ ಯಾರೋ ಕಾಪಿಟ್ಟ ಬೀಜವೊಂದರಲ್ಲಿ ಬದಲಾಗಿತ್ತು. ನಮ್ಮ ಹಿತ್ತಿಲುಗಳ ಬೀಜವನ್ನು ಹೀಗೆ ಪರೀಕ್ಷಿಸಿ ನೋಡಿದವರು ನಾನು ಬಲ್ಲಂತೆ ನಮ್ಮೂರಿನ ಕಡೆ ಯಾರೂ ಇಲ್ಲ.

ತೊಡಕೊಂದಿದೆ. ಔಡಲದ ಗೊಂಚಲಿನಲ್ಲಿ ಮೇಲೆ ಹೆಣ್ಣುಹೂ, ಕೆಳಗೆ ಗಂಡುಹೂ. ಪರಾಗವನ್ನು ಗಾಳಿ ಒಯ್ಯುತ್ತದೆ. ಹತ್ತಿರದಲ್ಲಿ ಸಂಕರ ತಳಿಯ ಹೊಲವಿದ್ದರೆ ಹಿತ್ತಿಲ ಗಿಡದ ಬೀಜ ಎರಡು ಮೂರು ತಲೆಗಳಲ್ಲಿ ಬೆರಕೆಯಾಗಿಬಿಡುತ್ತದೆ. ಹಳೆಯ ಗಿಡವನ್ನು ಹಾಗೆಯೇ ಉಳಿಸಿಕೊಳ್ಳಬೇಕೆನ್ನುವವರು ಹೂ ಅರಳುವ ಮೊದಲೇ ಒಂದು ಗೊಂಚಲಿಗೆ ಕಾಗದದ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಆ ಗೊಂಚಲಿನ ಬೀಜವನ್ನು ಮಾತ್ರ ಬಿತ್ತನೆಗೆ ತೆಗೆದಿಡತಕ್ಕದ್ದು. ಉಳಿದದ್ದನ್ನು ಎಣ್ಣೆಗೆ ಬಳಸಬಹುದು.