ಕೆಲಸದಲ್ಲಿದ್ದವರು ಕಲಿತ ಬಗೆ: ಹೊಸಪೇಟೆ ಸೀಮೆಯ ಏಳು ದಶಕ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ಒಂದು ವಾರದಲ್ಲಿ ಕಿಂಡಿ ಮುಚ್ಚಿದರು. ಅವನ್ನು ತಯಾರಿಸಿದ್ದು ತೋರಣಗಲ್ಲಿನ ಜಿಂದಾಲ್ ಮತ್ತು ಹೊಸಪೇಟೆ ಸುತ್ತಲಿನ ಕಾರ್ಖಾನೆಗಳು. ಕೆಲಸ ಮುನ್ನಡೆಸಿದ್ದು ಎಂಬತ್ತರ ಅಂಚಿನಲ್ಲಿದ್ದ, ಎಂದೋ ನಿವೃತ್ತರಾಗಿದ್ದ ಗೇಟು ತಜ್ಞ ಕನ್ನಯ್ಯ ನಾಯ್ಡು. ಜನ ಅವರನ್ನು ಕೊಂಡಾಡಿದ್ದು ನ್ಯಾಯವೇ. ಆದರೆ ಅಂಥ ಹೊತ್ತಿನಲ್ಲಿ ನಿವೃತ್ತರೊಬ್ಬರನ್ನು ಹುಡುಕಿ ಕರೆಯಬೇಕಾಗಿ ಬಂದದ್ದು ಈ ಸೀಮೆಯ ವೃತ್ತಿ ತರಬೇತಿಯ ಬಗ್ಗೆ ಏನು ಹೇಳುತ್ತದೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಏಕೆಂದರೆ ಗೇಟು ಮಾಡುವುದನ್ನೇ ಕಸುಬಾಗಿಸಿಕೊಂಡ ಕಾರ್ಖಾನೆ ಇದೇ ಹೊಸಪೇಟೆಯಲ್ಲಿತ್ತು. 1945ರಲ್ಲಿ ಶುರುವಾದ ಅಣೆಕಟ್ಟಿನ ಕೆಲಸ 1953ರ ಹೊತ್ತಿಗೆ ನೀರು ಬಿಡುವ ಹಂತಕ್ಕೆ ಬಂತು. 1960ರಲ್ಲಿ ಮೈಸೂರು ಮತ್ತು ಆಂಧ್ರ ಸರ್ಕಾರಗಳು ಸೇರಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಟ್ಟಿದವು. ಮರುವರ್ಷವೇ ಅಪ್ರೆಂಟಿಸ್ ಕಾಯ್ದೆ ಬಂತು. ಐಟಿಐ ಮುಗಿಸಿದ ಹುಡುಗ ಹಿರಿಯ ಫಿಟ್ಟರ್ ಪಕ್ಕದಲ್ಲಿ ನಿಂತು ಕಲಿಯುವುದಕ್ಕೆ ಕಾನೂನಿನ ಚೌಕಟ್ಟು ಸಿಕ್ಕಿತು. ಆದರೆ ಅಪ್ರೆಂಟಿಸ್ ಪ್ರಮಾಣಪತ್ರ ಕಸುಬಿನ ಹೊಸ್ತಿಲವರೆಗಿನ ಮಾತು. ತುಕ್ಕು ಹಿಡಿದ ಗೇಟು ಏಳುವಾಗ ಬರುವ ಸದ್ದಿನಿಂದ ಅದು ಎಲ್ಲಿ ಕಚ್ಚಿಕೊಂಡಿದೆ ಎಂದು ಹೇಳಬಲ್ಲವನ ಅರಿವಿಗೆ ಸಿಲಬಸ್ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. 2015ರ ಕೊನೆಗೆ ಕಾರ್ಖಾನೆ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಯಂತ್ರ, ಜಮೀನುಗಳ ಲೆಕ್ಕ ಹಾಕಬಹುದು. ಕೆಲಸಗಾರರ ಕೈಯಲ್ಲಿದ್ದ ವಿದ್ಯೆಯನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ಗಣಿಯ ಕಥೆ ಬೇರೆ. ಸಂಡೂರಿನ ಘೋರ್ಪಡೆ ಮನೆತನ 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ಕಂಪನಿ ಸ್ಥಾಪಿಸಿತು; 1977ರಲ್ಲಿ ದೋಣಿಮಲೆಯಲ್ಲಿ ಎನ್‌ಎಂಡಿಸಿ ಗಣಿ ಉತ್ಪಾದನೆ ಆರಂಭಿಸಿತು. ಈ ಎರಡರ ನಡುವೆ ಬಂದದ್ದು 1966ರ ಗಣಿ ವೃತ್ತಿ ತರಬೇತಿ ನಿಯಮಗಳು. ಕೆಲಸಕ್ಕೆ ಸೇರುವ ಮುನ್ನ ತರಬೇತಿ, ಸೇರಿದ ಮೇಲೆ ಐದು ವರ್ಷಕ್ಕೊಮ್ಮೆಯಾದರೂ ಮರುತರಬೇತಿ. ನಿರಂತರ ವೃತ್ತಿ ಕಲಿಕೆ ಎಂದು ಇಂದು ಸಭೆಗಳಲ್ಲಿ ಕೇಳಿಬರುವ ವಿಚಾರವನ್ನು ಈ ನಿಯಮ ಅರ್ಧ ಶತಮಾನಕ್ಕೂ ಹಿಂದೆಯೇ ಕೂಲಿಯವರ ಮಟ್ಟದಲ್ಲಿ ಕಡ್ಡಾಯ ಮಾಡಿತ್ತು. ಡಾಕ್ಟರು, ಮೇಷ್ಟ್ರಿಗೆ ಇಂಥ ಕಡ್ಡಾಯ ಬಂದದ್ದು ಎಷ್ಟೋ ವರ್ಷಗಳ ನಂತರ.

ಈ ತರಬೇತಿ ನಡೆಯುವ ವೃತ್ತಿ ತರಬೇತಿ ಕೇಂದ್ರ ಗಣಿಯವರ ಬಾಯಲ್ಲಿ 'ವಿಟಿಸಿ'. ತೆರೆದ ಗಣಿಯಲ್ಲಿ ಬೆಂಚಿನ ಅಂಚಿಗೆ ಡಂಪರ್ ಎಷ್ಟು ಹತ್ತಿರ ಹೋಗಬಹುದು, ಸೈರನ್ ಕೂಗಿದರೆ ಎಲ್ಲಿ ನಿಲ್ಲಬೇಕು, ಸಿಡಿಯದೆ ಉಳಿದ ಮದ್ದಿನ ಕುಳಿಯ ಬಳಿಗೆ ಯಾರು, ಯಾವಾಗ ಹೋಗಬೇಕು ಎಂಬುದೆಲ್ಲ ಅಲ್ಲಿ ಹೇಳಿಕೊಡುವ ಪಾಠ. ಅದರ ಮೇಲೆ ಮೆಟ್ಟಿಲುಗಳಿವೆ: ಬ್ಲಾಸ್ಟರ್, ಮೇಟ್, ಫೋರ್‌ಮನ್, ಮ್ಯಾನೇಜರ್. ಪರೀಕ್ಷೆ ನಡೆಸುವುದು ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಕೆಲಸದ ಅನುಭವ ತೋರಿಸಬೇಕು, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರವನ್ನೂ ತರಬೇಕು. ಮೇಟ್ ಆಗಹೊರಟವನು ರಕ್ತ ನಿಲ್ಲಿಸಲು, ಮುರಿದ ಕಾಲಿಗೆ ಪಟ್ಟಿ ಕಟ್ಟಲು ಬಲ್ಲವನಾಗಿರಬೇಕೆಂಬ ಆ ಷರತ್ತಿನ ಬಗ್ಗೆ ನನಗೆ ಬಹಳ ಗೌರವ. ಜೊತೆಗಾರರ ಜೀವಕ್ಕೆ ಹೊಣೆಯಾದವನು ಕಲಿಯಬೇಕಾದ ಮೊದಲ ವಿದ್ಯೆ ಅದು.

ಆದರೆ ಈ ಏರ್ಪಾಟು ಎಲ್ಲರನ್ನೂ ಮುಟ್ಟಲಿಲ್ಲ. ಚೀನಾದ ಬೇಡಿಕೆಗೆ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಹೊಸಪೇಟೆ, ಸಂಡೂರು ಸುತ್ತ ಹೊಲಗಳನ್ನೇ ಅಗೆದು ಅದಿರು ತೆಗೆದರು. ಸುತ್ತಿಗೆ ಹಿಡಿದು ಅದಿರು ಒಡೆದು, ಆಯ್ದು, ಬುಟ್ಟಿಯಲ್ಲಿ ಹೊತ್ತ ಹೆಂಗಸರಿಗೂ ಮಕ್ಕಳಿಗೂ ತರಬೇತಿ ಎಂಬ ಮಾತೇ ಇರಲಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆಪರೇಟರ್ ಅಥವಾ ಮೇಟ್ ಎಂಬ ಕಾಗದ ಇದ್ದವನು ಬೇರೆ ಕಡೆ ಹೋಗಿ ಕೆಲಸ ಕೇಳಬಹುದಿತ್ತು. ಬಣ್ಣ, ತೂಕ ನೋಡಿಯೇ ಒಳ್ಳೆಯ ಅದಿರನ್ನು ಬೇರ್ಪಡಿಸಬಲ್ಲ ಹೆಂಗಸು ಏನು ತೋರಿಸಿ ಕೇಳಬೇಕಿತ್ತು? ಗಣಿಗಳು ಮತ್ತೆ ತೆರೆದಾಗ ಕೆಲಸ ಯಂತ್ರಗಳದ್ದಾಗಿತ್ತು.

2013ರಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಬಂದು, ಅನುಭವದಿಂದ ಕಲಿತದ್ದನ್ನೂ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ದಾರಿ ತೆರೆಯಿತು. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಕೌಶಲ ತರಬೇತಿಗೆ ಬಳಸಲು ಅವಕಾಶವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ, ಹೊಸಪೇಟೆ ಅದರ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕೆಲಸಗಾರ ಮಾತ್ರ ದಿನವೂ ಆ ಗಡಿ ದಾಟುತ್ತಾನೆ. ತರಬೇತಿಯ ದಾಖಲೆಯೂ ಅವನೊಂದಿಗೆ ದಾಟುವಂತಿರಬೇಕು.

ಹಂಪಿಯಲ್ಲಿ ಕಲಿಕೆಯ ಒತ್ತಾಯ ಸಂಶೋಧನೆಯಿಂದ ಬಂತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ತಾಣದಲ್ಲಿ ಗೈಡುಗಳಿಗೆ ಪ್ರವಾಸೋದ್ಯಮ ಇಲಾಖೆಯ ತರಬೇತಿ, ಗುರುತಿನ ಚೀಟಿ ಇವೆ. ಆದರೆ ಚೀಟಿ ಪಡೆದ ದಿನ ಕಲಿತದ್ದು ಸಾಲದು. 1980ರಿಂದ ಜಾನ್ ಫ್ರಿಟ್ಜ್, ಜಾರ್ಜ್ ಮಿಚೆಲ್ ತಂಡ ನಡೆಸಿದ ಸಮೀಕ್ಷೆ ರಾಜಧಾನಿಯ ವಿನ್ಯಾಸವನ್ನೇ ಹೊಸದಾಗಿ ವಿವರಿಸಿತು. 1856ರಲ್ಲಿ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ, ಇಂದು ಅದಿಲ್ಲ. ಆ ಚಿತ್ರ ಕಂಡ ಗೈಡು ರಥದ ಮುಂದೆ ಹೇಳುವ ಮಾತೇ ಬೇರೆಯಾಗುತ್ತದೆ. 1991ರಿಂದ ಕನ್ನಡ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ. ಗೈಡುಗಳಿಗೆ ವರ್ಷಕ್ಕೊಮ್ಮೆ ಕೆಲವು ದಿನದ ಮರುಪಾಠ ಅಲ್ಲಿ ನಡೆಯುವುದು ಸಹಜವಾದ ಏರ್ಪಾಟು.

ಭತ್ತದ ಸೀಮೆ ಕಂಪ್ಲಿಯಲ್ಲಿ ರೈತ ಮೊದಲು ಸಲಹೆ ಕೇಳುವುದು ಗೊಬ್ಬರದ ಅಂಗಡಿಯಲ್ಲಿ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಆರಂಭಿಸಿದ 'ದೇಸಿ' ಡಿಪ್ಲೊಮಾ ಅಂಗಡಿಯವರಿಗಾಗಿಯೇ ಇರುವುದು: 48 ವಾರ, 40 ತರಗತಿ, 8 ಕ್ಷೇತ್ರ ಭೇಟಿ, ಅಂಗಡಿ ಮುಚ್ಚಿರುವ ದಿನ ಪಾಠ. ವ್ಯಾಪಾರ ಕೆಡಿಸದೆ ಕಲಿಸುವ ಈ ಬಗೆ ನನಗೆ ಬಹಳ ಹಿಡಿಸಿತು. ಬೆಂಕಿರೋಗಕ್ಕೂ ಕಂದು ಜಿಗಿಹುಳಕ್ಕೂ ವ್ಯತ್ಯಾಸ ತಿಳಿದವನ ಕೈಯಿಂದ ಔಷಧಿ ಬಂದರೆ ರೈತನ ದುಡ್ಡೂ ಉಳಿಯುತ್ತದೆ, ಕಾಲುವೆಯ ನೀರೂ ಉಳಿಯುತ್ತದೆ.

ಸಂಡೂರಿನ ಲಂಬಾಣಿ ಕಸೂತಿಯ ವಿಷಯದಲ್ಲಿ ಕೈಯ ವಿದ್ಯೆಯನ್ನು ಗುರುತಿಸುವ ಕೆಲಸ ಅರ್ಧಕ್ಕೆ ನಿಂತಿದೆ. 1984ರಿಂದ ಸಂಡೂರು ಕುಶಲ ಕಲಾ ಕೇಂದ್ರ ತಾಂಡಾದ ಹೆಣ್ಣುಮಕ್ಕಳಿಗೆ ಕೆಲಸ ಕೊಡುತ್ತ ಬಂದಿದೆ. ಕಸೂತಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. 2023ರ ಜುಲೈನಲ್ಲಿ ಜಿ-20 ಸಭೆಯ ಹೊತ್ತಿಗೆ ಹಂಪಿಯಲ್ಲಿ 1755 ಲಂಬಾಣಿ ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಯಿತು. ಗುರುತು ಸಿಕ್ಕಿದ್ದು ಬಟ್ಟೆಗೆ. ಸೂಜಿ ಹಿಡಿದು ಹತ್ತಾರು ಹುಡುಗಿಯರಿಗೆ ಹೊಲಿಗೆ ಕಲಿಸಿದ ಹಿರಿಯಳಿಗೆ ತರಬೇತುದಾರಳೆಂಬ ಪ್ರಮಾಣಪತ್ರ, ಅದಕ್ಕೆ ತಕ್ಕ ಸಂಬಳ ಕೊಡಲು ಇಂದಿನ ಕೌಶಲ ಚೌಕಟ್ಟಿನಲ್ಲೇ ಜಾಗವಿದೆ, ಖನಿಜ ಪ್ರತಿಷ್ಠಾನದಲ್ಲಿ ಹಣವೂ ಇದೆ. ಬೇಕಾದದ್ದು ಪರೀಕ್ಷಕರು ತಾಂಡಾಕ್ಕೆ ಹೋಗುವುದು, ಅವಳ ಭಾಷೆಯಲ್ಲೇ ಪ್ರಶ್ನೆ ಕೇಳುವುದು.